ಹಿಬಿನೊ ಗುರುಗಳು ಕೊಟ್ಟ ಗಂಡುಹಾವು

ಸೆಪ್ಟೆಂಬರಿನಲ್ಲಿ ಮೊಟ್ಟೆಯೊಡೆದು ಬಂದ ಹನ್ನೊಂದು ಮರಿಗಳಲ್ಲಿ ಮೂರಕ್ಕೆ ಬಾಲದುದ್ದಕ್ಕೂ ಹಳದಿ ಪಟ್ಟೆಯಿತ್ತು. ಫುಮಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಜಪಾನಿನ ಹಸಿರು ಕೇರೆಗೆ ಇಂಥ ಪಟ್ಟೆ ಬರುವುದಿಲ್ಲ. ವಿಯೆಟ್ನಾಮಿನ ಪಟ್ಟೆಹಾವಿಗೆ ಬರುತ್ತದೆ. ಹಮಾಮತ್ಸುವಿನಲ್ಲಿ ಹದಿನೆಂಟು ವರ್ಷದಿಂದ ಅವಳು ಹಸಿರು ಕೇರೆಗಳನ್ನಷ್ಟೇ ಸಾಕಿ, "ಅಪ್ಪಟ ತಳಿ" ಎಂದು ಚೀಟಿ ಬರೆದು ಮಾರುತ್ತಿದ್ದಳು.

ಮೊದಲು ನೆನಪಾದವನು ಪಕ್ಕದ ಬೀದಿಯ ಹಾವಿನಂಗಡಿಯ ಕುರಾಮೊತೊ. ಮೇ ತಿಂಗಳಲ್ಲಿ, ಹಾವುಗಳು ಕೂಡುವ ಕಾಲದಲ್ಲೇ, ಅವಳು ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಸೆಂದೈಗೆ ಹೋಗಿದ್ದಳು. ಹನ್ನೆರಡು ದಿನ ಬೀಗದ ಕೈ ಅವನ ಹತ್ತಿರವಿತ್ತು. ಅವನ ಅಂಗಡಿಯಲ್ಲಿ ಪಟ್ಟೆಹಾವುಗಳೂ ಇದ್ದವು.

ಮರಿ ನೋಡಲು ಬಂದವನನ್ನು ಅವಳು ಬಾಗಿಲಲ್ಲೇ ತಡೆದಳು. "ನಿಮ್ಮ ಗಂಡುಹಾವನ್ನ ನನ್ನ ಪೆಟ್ಟಿಗೆಗೆ ಬಿಟ್ಟಿದ್ರಾ?"

"ಏನ್ ಮಾತು ಅಂತ ಆಡ್ತೀರಾ ಫುಮಿ-ಸಾನ್! ನೀರು ಬದಲಾಯ್ಸಿದೆ, ಇಲಿ ಹಾಕ್ದೆ, ಅಷ್ಟೇ."

"ಬೆರಕೆ ಮರಿಗೆ ಗಿರಾಕಿ ಜಾಸ್ತಿ ಅಂತಿದ್ದೋರು ನೀವೇ ಅಲ್ವಾ?"

ಅವನು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಫುಮಿ ಬೀಗ ಬದಲಾಯಿಸಿದಳು. ಹಾವು ಸಾಕುವವರ ಸಭೆಯಲ್ಲಿ ಸಿಕ್ಕಸಿಕ್ಕವರ ಕಿವಿಯಲ್ಲಿ ಅವನ ಹೆಸರು ಊದಿದಳು. ಸಾಕ್ಷಿಯೂ ಇರಲೆಂದು ಮರಿಗಳ ಮತ್ತು ತನ್ನ ಪೆಟ್ಟಿಗೆಯ ಜೋಡಿಯ ಪೊರೆಗಳನ್ನು ಡಿಎನ್ಎ ಪರೀಕ್ಷೆಗೆ ಕಳಿಸಿದಳು.

ತಿಂಗಳ ಮೇಲೆ ಉತ್ತರ ಬಂತು: ತಂದೆ ನಿಮ್ಮದೇ ಗಂಡು, ಬೆರಕೆ ಇರುವುದು ಅದರ ರಕ್ತದಲ್ಲೇ.

ಆ ಗಂಡನ್ನು ಎಂಟು ವರ್ಷದ ಹಿಂದೆ ಕೊಟ್ಟವರು ಅವಳಿಗೆ ಈ ವಿದ್ಯೆ ಕಲಿಸಿದ ಹಿಬಿನೊ ಗುರುಗಳು. ಈ ವರ್ಷದ ತಾಯಿ ಅದರ ಮಗಳೇ ಆದ್ದರಿಂದ ಬೆರಕೆ ಎರಡೂ ಕಡೆಯಿಂದ ಸೇರಿ ಪಟ್ಟೆ ಎದ್ದು ಕಂಡಿತ್ತು. ಹಿಂದೆಯೂ ಎರಡು ಸಲ ಮಸುಕಾದ ಗೆರೆ ಕಂಡು, ಬೆಳಕಿನ ಭ್ರಮೆ ಎಂದು ಅವಳು ಸುಮ್ಮನಾಗಿದ್ದಳು.

ಅವಳು ಮನೆಗೆ ಹೋದಾಗ ಗುರುಗಳು ಜಗಲಿಯಲ್ಲಿ ಪರ್ಸಿಮನ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು. ಅವಳು ಕೇಳಿದ್ದಕ್ಕೆ ತಲೆಯೆತ್ತಲಿಲ್ಲ.

"ನನ್ನ ಗಂಡುಹಾವು ಸತ್ತಿತ್ತಮ್ಮಾ. ಹೆಣ್ಣಿನ ಜೊತೆಗೆ ಪಟ್ಟೆಹಾವು ಬಿಟ್ಟೆ. ಎರಡು ತಲೆಮಾರಿಗೆ ಗುರುತೇ ಸಿಗ್ಲಿಲ್ಲ. ಮರಿಗಳೆಲ್ಲ ಗಟ್ಟಿಮುಟ್ಟಾಗಿದ್ವು. ಮನುಷ್ಯರೇ ಬಿಟ್ಟ ಮಡಿ ಹಾವಿಗ್ಯಾಕೆ?"

"ಮಡಿ ಮಾತಲ್ಲ ಗುರುಗಳೇ. ಅಪ್ಪಟ ಅಂತ ನನ್ನ ಕೈಯಲ್ಲಿ ಬರೆಸಿದ್ರಿ. ಒಂದು ತಪ್ಪಿಸ್ಕೊಂಡು ಗುಡ್ಡ ಸೇರಿದ್ರೆ? ಅಲ್ಲಿನ ಕೇರೆಗಳ ರಕ್ತಕ್ಕೆ ಸೇರಿದ ಬೆರಕೆನ ಯಾರು ತೊಳೆದು ಕೊಡ್ತಾರೆ?"

ಮುದುಕರು ಇನ್ನೊಂದು ಹಣ್ಣು ಕೈಗೆತ್ತಿಕೊಂಡರು.

ಅಲ್ಲಿಂದ ನೇರ ಕುರಾಮೊತೊನ ಅಂಗಡಿಗೆ ಹೋಗಿ ಅವಳು ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು.

"ನನಗೊಬ್ಬನಿಗೇ ಹೇಳಿದ್ರೆ ಆಯ್ತಾ? ಊರಿಗೆಲ್ಲಾ ಹೇಳಿದ್ರಲ್ಲಾ," ಎಂದ ಅವನು.

"ಊರಿಗೂ ಹೇಳ್ತೀನಿ."

ಮರಿಗಳಲ್ಲಿ ಒಂದನ್ನೂ ಮಾರಲಿಲ್ಲ. ಗಂಡುಹೆಣ್ಣು ಬೇರೆ ಮಾಡಿ ತಾನೇ ಇಟ್ಟುಕೊಂಡಳು. ಆ ಗಂಡಿನ ಸಂತತಿ ಕೊಂಡ ನಲವತ್ತೊಂದು ಜನರಿಗೆ, ದಯವಿಟ್ಟು ಇವುಗಳಿಂದ ಮರಿ ಮಾಡಿಸಬೇಡಿ ಎಂದು ಪತ್ರ ಬರೆಯಲು ಕೂತಳು. ಗಂಡು ಬಂದದ್ದೆಲ್ಲಿಂದ ಎಂಬಲ್ಲಿಗೆ ಪೆನ್ನು ನಿಂತಿತು. ಕುರಾಮೊತೊನ ಹೆಸರು ಹೇಳುವಾಗ ನಾಲಿಗೆ ಒಂದು ಗಳಿಗೆಯೂ ತಡೆದಿರಲಿಲ್ಲ. ಚಹಾ ಆರುವವರೆಗೆ ಕೂತಿದ್ದು, ಕೊನೆಗೆ ಗುರುಗಳ ಹೆಸರನ್ನು ಪೂರ್ತಿಯಾಗಿ ಬರೆದು, ಮುಂದಿನ ಕಾಗದ ತೆಗೆದುಕೊಂಡಳು.