ಸಾಕುತಾಯಿ ಸತ್ತ ಸಂಚಿಕೆ

ದೊಡ್ಡಕ್ಕನಿಗೆ ಸಂಜೆ ಏಳು ಗಂಟೆ ಇರಲಿಲ್ಲ. ಆರೂವರೆ ಇತ್ತು, ಏಳೂವರೆಯೂ ಇತ್ತು. ನಡುವಿನದು ಮಾತ್ರ ಅಳಿಯನ ಪಾಲು. ಅವಳು ಇದ್ದದ್ದು ಮಗಳ ಮನೆಯಲ್ಲಿ. ಏಳು ಹೊಡೆಯುತ್ತಲೇ ಅಳಿಯ ಕುರ್ಚಿ ಎಳೆದುಕೊಂಡು ಸುದ್ದಿ ಹಾಕಿದನೆಂದರೆ ಆ ಮನೆಯಲ್ಲಿ ಕೆಮ್ಮುವುದಕ್ಕೂ ಅಪ್ಪಣೆ ಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ, ಬೇರೊಂದು ಚಾನೆಲ್ಲಿನಲ್ಲಿ, ನಿದ್ದೆ ಕಳೆದುಕೊಂಡ ರಾಣಿಯ ಧಾರಾವಾಹಿ ಬರುತ್ತಿತ್ತು.

ಹೀಗಾಗಿ ದೊಡ್ಡಕ್ಕ ಅದನ್ನು ಒಂದು ದಿನವೂ ಕಣ್ಣಾರೆ ನೋಡಿದವಳಲ್ಲ. ನೂರಾ ಹನ್ನೆರಡು ಸಂಚಿಕೆಗಳನ್ನೂ ಕಿವಿಯಿಂದಲೇ ನೋಡಿದ್ದಳು. ತೋರಿಸಿದವಳು ಸಣ್ಣಿ.

ಇಬ್ಬರೂ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬೆಡ್‌ಶೀಟ್ ಮಡಿಸುತ್ತಿದ್ದರು. ನೆಲಮಾಳಿಗೆ; ಒಂದು ಗೋಡೆಗೆ ಒಗೆಯುವ ಯಂತ್ರಗಳು, ಎದುರು ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ಇವರ ಮೇಜು. ಬೆಡ್‌ಶೀಟ್ ಮಡಿಸುವುದಕ್ಕೆ ಇಬ್ಬರು ಬೇಕು. ಆಚೆ ಎರಡು ಮೂಲೆ, ಈಚೆ ಎರಡು ಮೂಲೆ ಹಿಡಿದು, ಎಳೆದು, ಝಾಡಿಸಿ, ಉದ್ದಕ್ಕೆ ಎರಡು ಮಡಿಕೆ ಹಾಕಿ, ಆಮೇಲೆ ಎದುರುಬದುರು ನಡೆದು ಬರಬೇಕು. ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಕೆಳಗೆ ಜೋತುಬಿದ್ದ ಮಡಿಕೆಯನ್ನು ಹಿಡಿದು ಮತ್ತೆ ಹಿಂದಕ್ಕೆ ಸರಿಯಬೇಕು. ದೂರ, ಹತ್ತಿರ, ದೂರ, ಹತ್ತಿರ. ದೂರವಿದ್ದಾಗ ಯಂತ್ರಗಳ ಸದ್ದಿನ ಮೇಲೆ ಕಿರುಚಬೇಕು. ಹತ್ತಿರ ಬಂದಾಗ ಪಿಸುಗುಟ್ಟಿದರೂ ಸಾಕು. ಸಣ್ಣಿ ಕಥೆಯನ್ನು ಇದಕ್ಕೆ ಹೊಂದಿಸಿಕೊಂಡಿದ್ದಳು. ರಕ್ಕಸನ ಮಾತೆಲ್ಲ ದೂರದಿಂದ, ರಾಣಿಯ ಮಾತೆಲ್ಲ ಹತ್ತಿರದಿಂದ. ಒಂದು ಸಂಚಿಕೆಗೆ ನಲವತ್ತು ಬೆಡ್‌ಶೀಟ್ ಹಿಡಿಯುತ್ತಿತ್ತು.

ಕಥೆ ಇಷ್ಟೇ. ರಕ್ಕಸನೊಬ್ಬ ರಾಣಿಯ ನಿದ್ದೆ ಕದ್ದು ಪೆಟ್ಟಿಗೆಯಲ್ಲಿಟ್ಟು ಬೆಟ್ಟಗಳಾಚೆ ಒಯ್ದಿದ್ದಾನೆ. ರಾಜನ ಸೈನ್ಯ ಹೋದ ಹಾಗೇ ಬರಿಗೈಯಲ್ಲಿ ವಾಪಸು ಬಂದಿದೆ. ಕೊನೆಗೆ ರಾಣಿಯನ್ನು ಎತ್ತಿ ಆಡಿಸಿದ ಮುದಿ ಸಾಕುತಾಯಿ ಒಂದು ಕೋಲು, ಒಂದು ಗಂಟು ಹಿಡಿದು ಹೊರಟಿದ್ದಾಳೆ. ಹೊರಟವಳು ಇನ್ನೂ ನಡೆಯುತ್ತಿದ್ದಾಳೆ.

“ಇಷ್ಟು ದಿನ ನೆಟ್ಟಗೆ ನಡೆದಿದ್ರೆ ಭೂಮಿ ಒಂದು ಸುತ್ತು ಹಾಕಿ ಮನೆಗೆ ಬಂದು ಕಾಲು ಚಾಚ್ತಿದ್ಲು” ಎಂದು ಇಸ್ತ್ರಿ ಯಂತ್ರದವಳು ಆಡಿಕೊಳ್ಳುತ್ತಿದ್ದಳು. ಅವಳೂ ಅದನ್ನು ನೋಡುತ್ತಿದ್ದಳು, ರಾಣಿಯ ಒಡವೆಗಳಿಗೋಸ್ಕರ.

“ನೀನು ಸುಮ್ನಿರೇ” ಎನ್ನುತ್ತಿದ್ದಳು ದೊಡ್ಡಕ್ಕ. “ಟಿವಿಲಿ ನನ್ನ ವಯಸ್ಸಿನವರಿಗೆ ಇರೋದೇ ಎರಡು ಕೆಲಸ. ಮೂಲೇಲಿ ಕೂತು ಅಳೋದು, ಇಲ್ಲಾಂದ್ರೆ ಸೊಸೆ ಹಾಲಿಗೆ ವಿಷ ಬೆರೆಸೋದು. ಇವಳೊಬ್ಬಳು ಎಲ್ಲಿಗೋ ಹೊರಟಿದ್ದಾಳೆ. ಹೋಗ್ಲಿ ಬಿಡು.”

ದೊಡ್ಡಕ್ಕನ ಮಂಡಿಗಳು ಹೋಗಿದ್ದವು. ಎರಡು ವಾರದ ಹಿಂದೆ ಮೇಲ್ವಿಚಾರಕ ತಾನಾಗೇ ಬಂದು, ಹೊಲಿಗೆ ಕೋಣೆಯಲ್ಲಿ ಒಂದು ಜಾಗ ಖಾಲಿಯಿದೆ, ಕೂತು ಮಾಡುವ ಕೆಲಸ, ಹರಿದದ್ದಕ್ಕೆ ತೇಪೆ ಹಾಕುವುದು, ಬರ್ತೀರಾ ಎಂದು ಕೇಳಿದ್ದ. ದೊಡ್ಡಕ್ಕ ನಕ್ಕಿದ್ದಳು.

“ಮುದುಕಿ ಆ ಪೆಟ್ಟಿಗೆ ಮುಟ್ಲಿ ಸಾರ್, ಆಮೇಲೆ ಬರ್ತೀನಿ. ಅವಳು ನಡೀತಿರೋವಾಗ ನಾನು ಕೂತ್ರೆ ಚೆನ್ನಾಗಿರಲ್ಲ.”

ಮೇಲ್ವಿಚಾರಕನಿಗೆ ತಲೆಬುಡ ತಿಳಿಯಲಿಲ್ಲ. ತಿಂಗಳ ಕೊನೆಯವರೆಗೆ ಜಾಗ ಇಟ್ಟಿರುತ್ತೇನೆ ಎಂದು ಹೋದ. ಆದರೆ ಸಣ್ಣಿಗೆ ತಿಳಿಯಿತು. ದೊಡ್ಡಕ್ಕ ತಮಾಷೆಗೆ ಹೇಳಿದ್ದರೂ ಸುಳ್ಳು ಹೇಳಿರಲಿಲ್ಲ. ಎಂಟು ವರ್ಷ ಎದುರು ನಿಂತವಳು. ಇವಳ ಕೈ ಎತ್ತರ, ಅವಳ ಕೈ ಎತ್ತರ ಒಂದೇ. ಎತ್ತರ ತಪ್ಪಿದವರ ಜೊತೆ ಮಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಭುಜ ಕಿತ್ತು ಬರುತ್ತದೆ. ಇನ್ನು ಬಾಯಿ ಕಟ್ಟಿಕೊಂಡು ಎಂಟು ಗಂಟೆ ನಿಲ್ಲುವುದೆಂದರೆ, ಅದರ ಯೋಚನೆಯನ್ನೇ ಸಣ್ಣಿ ಮಾಡಲಿಲ್ಲ.

ಸೋಮವಾರ ಸಂಜೆ ಅವಳು ಮಂಚದ ಅಂಚಿಗೆ ಕೂತು, ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಟಿವಿ ಹಾಕಿದಳು. ಮೈಯಲ್ಲಿ ಜೀವ ಇರಲಿಲ್ಲ. ಸಾಕುತಾಯಿ ರಕ್ಕಸನ ಗುಹೆಯ ಬಾಯಿಗೆ ಬಂದಿದ್ದಳು.

“ಬಂದ್ಯಾ ಮಹಾತಾಯಿ” ಅಂದಳು ಸಣ್ಣಿ.

ಮೇಲಿಂದ ಬಂಡೆಯೊಂದು ಉರುಳಿತು. ಅದನ್ನು ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ, ಆಕಾಶದಿಂದ ಒಮ್ಮೆ ತೋರಿಸಿದರು. ಬಂಡೆಗಿಂತ ಸಂಗೀತ ಜೋರಾಗಿತ್ತು. ಧೂಳು ಇಳಿದಾಗ ಮುದುಕಿ ಅಂಗಾತ ಬಿದ್ದಿದ್ದಳು. ಎಲ್ಲಿಂದಲೋ ಕುದುರೆಯ ಮೇಲೆ ರಾಜಕುಮಾರನೊಬ್ಬ ಬಂದ. ಅಂಗಿಯ ಮೇಲೆ ಒಂದೇ ಒಂದು ಸುಕ್ಕಿಲ್ಲ.

“ನೀನ್ಯಾರೋ? ಇಷ್ಟು ದಿನ ಎಲ್ಲಿ ಸತ್ತಿದ್ದೆ?” ಎಂದು ಸಣ್ಣಿ ಟಿವಿಯನ್ನೇ ಕೇಳಿದಳು.

ಮುದುಕಿ ತನ್ನ ಕೋಲನ್ನು ಅವನ ಕೈಗಿಟ್ಟು ಕಣ್ಣು ಮುಚ್ಚಿದಳು. ಸಣ್ಣಿ ಗಡಿಯಾರ ನೋಡಿದಳು. ಏಳು ಗಂಟೆ ನಾಲ್ಕು ನಿಮಿಷ.

“ನಿಮ್ಮ ಮನೆ ಹಾಳಾಗ! ನೂರಾ ಹನ್ನೆರಡು ದಿನ ನಡೆಸಿ ನಾಲ್ಕು ನಿಮಿಷಕ್ಕೆ ಮುಗಿಸಿದ್ರಲ್ಲೋ!”

ಕೂಗುವಷ್ಟು ಸಿಟ್ಟು ಬಂದಿತ್ತು, ಕೂಗುವಷ್ಟು ಉಸಿರು ಇರಲಿಲ್ಲ. ಮಾತು ಗೊಣಗಾಟವಾಗಿ ಹೊರಬಿತ್ತು. ಇಂಥ ಕಥೆಗಳಲ್ಲಿ ಸತ್ತವರು ಏಳುವುದುಂಟು ಎಂದು ಕಾದಳು. ಜಾಹೀರಾತು ಬಂತು, ಹೋಯಿತು. ರಾಜಕುಮಾರ ಕೋಲು ಹಿಡಿದು ಹಾಡಿದ. ರಾಣಿಯ ತಂಗಿಯೊಬ್ಬಳು ಹೊಸದಾಗಿ ಹುಟ್ಟಿಕೊಂಡು ಕಿಟಕಿಯಲ್ಲಿ ನಿಂತಳು. ಅಲ್ಲಿಗೆ ಎಲ್ಲ ಅರ್ಥವಾಯಿತು. ಇನ್ನು ಮುಂದೆ ಇವರಿಬ್ಬರದೇ. ಕೊನೆಯಲ್ಲಿ ಹೆಸರುಗಳು ಓಡುವಾಗ, ಸಾಕುತಾಯಿಯ ಪಾತ್ರ ಮಾಡಿದಾಕೆಗೆ ಕೃತಜ್ಞತೆ ಎಂದು ಒಂದು ಸಾಲು ಹಾಕಿದರು. ಕೃತಜ್ಞತೆ ಹೇಳಿದ ಮೇಲೆ ಯಾರೂ ಎದ್ದು ಬರುವುದಿಲ್ಲ. ಬಕೆಟ್ಟಿನ ನೀರು ಆರಿ ಹೋಗಿತ್ತು.

ಗಂಡ ಕೆಲಸ ಮುಗಿಸಿ ಬಂದವನು ಅವಳ ಮುಖ ನೋಡಿ ಬಾಗಿಲಲ್ಲೇ ನಿಂತ.

“ಯಾರಾದ್ರೂ ಹೋಗ್ಬಿಟ್ರಾ?”

“ಹೂಂ.”

“ಅಯ್ಯೋ. ಯಾರು?”

“ಸೀರಿಯಲ್ ಮುದುಕಿ.”

“ಥೂ ನಿನ್ನ. ನನ್ನ ಕೈಕಾಲೇ ತಣ್ಣಗಾಗಿತ್ತಲ್ಲೇ” ಎಂದು ಅವನು ಚಪ್ಪಲಿ ಬಿಚ್ಚಿದ.

ಮಂಗಳವಾರ ಬೆಳಗ್ಗೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಇಸ್ತ್ರಿ ಯಂತ್ರದವಳು ಕಾದು ನಿಂತಿದ್ದಳು.

“ನೋಡಿದ್ಯಾ? ಎತ್ತಿಬಿಟ್ರಲ್ಲ ಮುದುಕೀನ!”

“ಮೆಲ್ಲಗೆ ಮಾತಾಡು. ದೊಡ್ಡಕ್ಕನಿಗೆ ಹೇಳ್ಬೇಡ.”

“ಯಾಕೆ, ಒಡಹುಟ್ಟಿದವಳೇನು?”

“ಹೇಳ್ಬೇಡ ಅಂದ್ರೆ ಹೇಳ್ಬೇಡ. ನಾನೇ ಹೇಳ್ತೀನಿ.”

ಹೇಳಬೇಕೆಂದೇ ಮೇಜಿನ ಹತ್ತಿರ ಬಂದಳು. ಮೊದಲ ಗಾಡಿಯ ಬಟ್ಟೆ ಇನ್ನೂ ಸುಡುತ್ತಿತ್ತು. ದೊಡ್ಡಕ್ಕ ತನ್ನೆರಡು ಮೂಲೆ ಹಿಡಿದು, “ಹೂಂ, ಗುಹೆಗೆ ಬಂದ್ಲಾ?” ಅಂದಳು.

“ಬಂದ್ಲು.”

“ಆಮೇಲೆ?”

“ಮೇಲಿಂದ ಬಂಡೆ ಬಿತ್ತು.”

ಇಬ್ಬರೂ ನಡೆದು ಹತ್ತಿರ ಬಂದಿದ್ದರು. ಮೂಲೆ ಕೊಡಬೇಕಾದ ದೊಡ್ಡಕ್ಕನ ಕೈ ನಿಂತಿತು. ಅವಳ ಬೆರಳುಗಳು ಬಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದವು.

“ತಪ್ಪಿಸ್ಕೊಂಡ್ಲು” ಅಂದಳು ಸಣ್ಣಿ.

ಯೋಚಿಸಿ ಹೇಳಿದ ಮಾತಲ್ಲ. ಹೇಳಿದ ಮೇಲೆ ಮುಂದಿನ ಮೂವತ್ತೊಂಬತ್ತು ಬೆಡ್‌ಶೀಟಿಗೆ ಕಥೆ ಬೇಕಾಯಿತು. ಬಂಡೆ ಗುಹೆಯ ಬಾಯಿ ಮುಚ್ಚಿತು, ಮುದುಕಿ ಬೇರೆ ದಾರಿ ಹುಡುಕಲು ಬೆಟ್ಟದ ಹಿಂದಕ್ಕೆ ಹೊರಟಳು. ಸುತ್ತುದಾರಿ. ಬಹಳ ದಿನದ ದಾರಿ.

“ಬದುಕಿಕೊಂಡ್ಲಲ್ಲ, ಸಾಕು” ಎಂದು ದೊಡ್ಡಕ್ಕ ಉಸಿರುಬಿಟ್ಟಳು.

ಅಂದಿನಿಂದ ಸಣ್ಣಿ ಏಳು ಗಂಟೆಗೆ ಟಿವಿ ಹಾಕಲಿಲ್ಲ. ಕಾಲು ಬಕೆಟ್ಟಿನಲ್ಲಿಟ್ಟು, ಕಪ್ಪು ಪರದೆಯ ಎದುರು ಕೂತು, ನಾಳೆಯದನ್ನು ಕಟ್ಟತೊಡಗಿದಳು. ಬೆಡ್‌ಶೀಟ್ ಮಡಿಸುವುದೇ ಇದಕ್ಕಿಂತ ವಾಸಿ ಅನಿಸಿತು. ಅಲ್ಲಿ ಎರಡಕ್ಕೆ ಗಂಟೆ ಹೊಡೆಯುತ್ತದೆ. ಇಲ್ಲಿ ಅರ್ಧ ಗಂಟೆಯ ಕಥೆಗೆ ಎರಡು ಗಂಟೆ ತಲೆ ಕೆರೆದುಕೊಂಡರೂ ನದಿಯೊಂದು, ಮುಳ್ಳುಬೇಲಿಯೊಂದು ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ಶುಕ್ರವಾರವಂತೂ ಏನೂ ಹೊಳೆಯದೆ, ಮುದುಕಿಯನ್ನು ಮರದ ಕೆಳಗೆ ಕೂರಿಸಿ ಇಡೀ ಸಂಚಿಕೆ ಅಂಗಾಲಿನ ಮುಳ್ಳು ತೆಗೆಸಿದಳು. ದೊಡ್ಡಕ್ಕನಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು.

“ಈಗ ನೋಡು, ಸರಿಯಾಗಿ ತೆಗೀತಿದ್ದಾರೆ. ಮನುಷ್ಯರ ಥರ.”

ಸಣ್ಣಿಯ ಲೆಕ್ಕ ಸರಳವಾಗಿತ್ತು. ಮುದುಕಿ ಸತ್ತರೆ ದೊಡ್ಡಕ್ಕ ಹೊಲಿಗೆ ಕೋಣೆಗೆ ಹೋಗುತ್ತಾಳೆ, ಪೆಟ್ಟಿಗೆ ಮುಟ್ಟಿದರೂ ಹೋಗುತ್ತಾಳೆ. ಆದ್ದರಿಂದ ನಡೆಸುತ್ತಲೇ ಇರಬೇಕು. ತಿಂಗಳ ಕೊನೆ ದಾಟಿದರೆ ಆ ಜಾಗ ಬೇರೆಯವರ ಪಾಲಾಗುತ್ತದೆ. ಇದು ಒಳ್ಳೆಯ ಲೆಕ್ಕವಲ್ಲ ಎಂದು ಅವಳಿಗೆ ಗೊತ್ತಿತ್ತು. ಗುರುವಾರದಿಂದ ದೊಡ್ಡಕ್ಕ ಹತ್ತು ಬೆಡ್‌ಶೀಟಿಗೊಮ್ಮೆ ಬುಟ್ಟಿ ಬೋರಲು ಹಾಕಿ ಕೂರುತ್ತಿದ್ದಳು. ಏಳುವಾಗ ಮೇಜಿನಂಚು ಹಿಡಿದು, ಹಲ್ಲು ಕಚ್ಚಿ, ಒಂದು ಸದ್ದು ಮಾಡುತ್ತಿದ್ದಳು. ಸಣ್ಣಿ ಆ ಸದ್ದು ಕೇಳಿಸಿಕೊಂಡೂ ಮುದುಕಿಯನ್ನು ಇನ್ನೊಂದು ಬೆಟ್ಟ ಹತ್ತಿಸುತ್ತಿದ್ದಳು.

ಮರುವಾರದ ಮಂಗಳವಾರ ಅವಳು ಮುದುಕಿಯನ್ನು ಕೊನೆಗೂ ರಕ್ಕಸನ ಮನೆಯೊಳಕ್ಕೆ ಬಿಟ್ಟಳು, ಆಳಾಗಿ. ಹೀಗಾದರೆ ಹಿತ್ತಲಲ್ಲೇ ಹದಿನೈದು ದಿನ ಕಳೆಯಬಹುದು. ರಕ್ಕಸನಿಗೆ ಬೇಟೆಯಲ್ಲಿ ಗಾಯವಾಗಿದೆ, ಹೊದಿಕೆಯೆಲ್ಲ ರಕ್ತ. ಒಗೆದು ತಾ ಎಂದು ಮುದುಕಿಯ ಮುಖಕ್ಕೆ ಎಸೆಯುತ್ತಾನೆ.

“ಹಿತ್ತಲಲ್ಲಿ ಎರಡು ಕೊಳ” ಸಣ್ಣಿ ದೂರದಿಂದ ಕೂಗಿದಳು. “ಒಂದ್ರಲ್ಲಿ ನೀರು ಕುದೀತಿದೆ. ಇನ್ನೊಂದು ಮಂಜಿನ ಥರ. ಮುದುಕಿ ಮಂಜಿನ ಕೊಳಕ್ಕೆ ಹೋದ್ಲು.”

“ಯಾಕೆ?”

“ಬಿಸಿನೀರಿಗೆ ಹಾಕಿದ್ರೆ ರಕ್ತ ಕಚ್ಕೊಂಬಿಡಲ್ವಾ?”

ದೊಡ್ಡಕ್ಕ ನಡೆದು ಬಂದಳು. ಮೂಲೆ ಕೊಡಲಿಲ್ಲ.

“ಟಿವಿಲಿ ಹಾಗೆ ತೋರಿಸಿದ್ರಾ?”

“ಹೂಂ.”

“ಉಪ್ಪು ಹಾಕಿದ್ಲಾ?”

“ಹೂಂ, ಒಂದು ಹಿಡಿ. ಅರ್ಧ ಗಂಟೆ ನೆನೆಸಿದ್ಲು.”

“ಸಣ್ಣಿ” ಎಂದಳು ದೊಡ್ಡಕ್ಕ. ಹತ್ತಿರವಿದ್ದದ್ದರಿಂದ ದನಿ ಏರಿಸಬೇಕಾಗಿರಲಿಲ್ಲ. “ಟಿವಿಯವರು ಬಟ್ಟೆ ಮೇಲೆ ರಕ್ತ ಬಿದ್ರೆ ಮಂತ್ರ ಹಾಕ್ತಾರೆ. ಇಲ್ಲಾ ಹೊಸಾ ಬಟ್ಟೆ ತರ್ತಾರೆ. ತಣ್ಣೀರು, ಉಪ್ಪು, ಅರ್ಧ ಗಂಟೆ. ಅದು ನೀನು ಸೇರಿದ ಮೊದಲನೇ ದಿನ ನಾನು ನಿನಗೆ ಹೇಳ್ಕೊಟ್ಟಿದ್ದು.”

ಒಣಗಿಸುವ ಯಂತ್ರವೊಂದು ತಿರುಗುವುದು ನಿಂತು ಕೂಗತೊಡಗಿತು. ಯಾರೂ ಹೋಗಿ ಬಾಗಿಲು ತೆಗೆಯಲಿಲ್ಲ.

“ಯಾವತ್ತು ಸತ್ಲು?”

“ಹೋದ ಸೋಮವಾರ.”

“ಬಂಡೆ ಬಿದ್ದಾಗಲೇ?”

“ಹೂಂ.”

“ಎಷ್ಟು ಹೊತ್ತು ತೋರಿಸಿದ್ರು?”

“ನಾಲ್ಕು ನಿಮಿಷ.”

ದೊಡ್ಡಕ್ಕ ತಲೆಯಾಡಿಸಿದಳು, ಅಷ್ಟನ್ನೇ ನಿರೀಕ್ಷಿಸಿದ್ದವಳ ಹಾಗೆ. ಆಮೇಲೆ ಬುಟ್ಟಿಯ ಮೇಲೆ ಕೂತಳು.

“ನನ್ನ ಈ ಮಂಡಿ ನೋಡ್ಕೊಂಡೂ ಒಂದು ವಾರ ಹೆಣ ನಡೆಸಿದ್ಯಲ್ಲೇ.”

“ನೀನು ಹೋಗ್ಬಿಡ್ತೀಯಾ ಅಂತ, ದೊಡ್ಡಕ್ಕ.”

“ಹೋಗ್ತಿದ್ದೆ ಕಣೇ. ಯಾಕೆ ಹೋಗ್ಬಾರ್ದು? ಗಂಡನ್ನ ಮಣ್ಣು ಮಾಡಿ ನಾಲ್ಕನೇ ದಿನಕ್ಕೆ ಈ ಮೇಜಿಗೆ ಬಂದು ನಿಂತೋಳು ನಾನು. ಟಿವಿ ಮುದುಕಿ ಸತ್ತಿದ್ದಕ್ಕೆ ಎದೆ ಒಡ್ಕೊಂತೀನಾ? ಹೊಲಿಗೆ ಕೋಣೆಗೆ ಹೋಗಿ, ಊಟದ ಹೊತ್ತಿಗೆ ಬಂದು ನಿನ್ನ ಪಕ್ಕ ಕೂತು ಕೇಳ್ತಿದ್ದೆ, ಇವತ್ತೇನಾಯ್ತೇ ಅಂತ. ಇನ್ನು ಏನು ಅಂತ ಕೇಳ್ಲಿ? ನೀನು ಹೇಳೋದು ಅವರದೋ ನಿಂದೋ ಅಂತ ನಾನು ಯಾರನ್ನ ಕೇಳ್ಲಿ?”

“ಇನ್ಮೇಲೆ ಸುಳ್ಳು ಹೇಳಲ್ಲ.”

“ಇದನ್ನೂ ನೀನೇ ಹೇಳ್ತಿದ್ದೀಯ” ಅಂದಳು ದೊಡ್ಡಕ್ಕ.

ಸಿಟ್ಟಿನಿಂದ ಹೇಳಿದ್ದರೆ ಸಣ್ಣಿ ಎದುರುತ್ತರ ಕೊಡುತ್ತಿದ್ದಳು. ಆದರೆ ದೊಡ್ಡಕ್ಕ ದಣಿದು ಹೇಳಿದ್ದಳು. ಮೇಜಿನಂಚು ಹಿಡಿದು, ಆ ಸದ್ದು ಮಾಡಿ, ಎದ್ದು ತನ್ನೆರಡು ಮೂಲೆ ಹಿಡಿದುಕೊಂಡಳು. ಎರಡು ಗಂಟೆಯವರೆಗೆ ಇಬ್ಬರೂ ಮಡಿಸಿದರು. ದೂರ, ಹತ್ತಿರ. ಹತ್ತಿರ ಬಂದಾಗಲೆಲ್ಲ ದೊಡ್ಡಕ್ಕ ಬಟ್ಟೆಯ ಅಂಚನ್ನು ನೋಡಿದಳು. ಇಸ್ತ್ರಿ ಯಂತ್ರದವಳು ಅಲ್ಲಿಂದಲೇ, “ಏನ್ರೇ, ರಾಣಿಗೆ ನಿದ್ದೆ ಬಂತಾ ಇವತ್ತು? ಇಷ್ಟು ಸದ್ದಿಲ್ಲ!” ಎಂದು ಕೂಗಿದಳು. ದೊಡ್ಡಕ್ಕ ಮುಂದಿನ ಬೆಡ್‌ಶೀಟಿನ ಮೂಲೆ ಎತ್ತಿಕೊಂಡಳು.

ಬುಧವಾರ ದೊಡ್ಡಕ್ಕ ಹೊಲಿಗೆ ಕೋಣೆಗೆ ಹೋದಳು. ಊಟದ ಹೊತ್ತಿಗೆ ಅಲ್ಲೇ ಡಬ್ಬಿ ಬಿಚ್ಚಿದಳು. ಶನಿವಾರ ಒಮ್ಮೆ ಕಾರಿಡಾರಿನಲ್ಲಿ ಎದುರಾದಳು.

“ಮಂಡಿ ಹೇಗಿದೆ ದೊಡ್ಡಕ್ಕ?” ಎಂದು ಸಣ್ಣಿ ಕೇಳಿದಳು.

“ಪರವಾಗಿಲ್ಲ” ಅಂದಳು. ನಿಜವಾಗಿಯೂ ಪರವಾಗಿಲ್ಲ ಎನ್ನುವಂತೆ ನಡೆಯುತ್ತಿದ್ದಳು.

ಮೇಜಿಗೆ ಹೊಸ ಹುಡುಗಿಯೊಬ್ಬಳನ್ನು ಹಾಕಿದರು. ಸಣ್ಣಿಗಿಂತ ಒಂದು ಗೇಣು ಎತ್ತರ, ಎರಡೂ ಕಿವಿಗೆ ಇಯರ್‌ಫೋನ್. ಒಳ್ಳೆಯ ಹುಡುಗಿ; ಏನಾದರೂ ಕೇಳಿದರೆ ಒಂದು ಕಿವಿಯದು ತೆಗೆದು “ಏನಕ್ಕಾ?” ಎಂದು ನಕ್ಕು, ಉತ್ತರ ಹೇಳಿ ಮತ್ತೆ ಸಿಕ್ಕಿಸಿಕೊಳ್ಳುತ್ತಾಳೆ. ಅವಳ ಮೂಲೆಗಳು ಮೇಲೆ, ಇವಳ ಮೂಲೆಗಳು ಕೆಳಗೆ. ಮಡಿಕೆ ಓರೆಯಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು.

ತಿಂಗಳ ಕೊನೆಗೆ ಮೇಲ್ವಿಚಾರಕ ಬಂದು ಮೇಜಿನ ಹತ್ತಿರದ ಹಲಗೆಯ ಮೇಲೆ ಬರೆದ. ಮೊದಲು ಒಂದು ಪಾಳಿಗೆ ಮುನ್ನೂರ ನಲವತ್ತು ಬೆಡ್‌ಶೀಟ್ ಆಗುತ್ತಿತ್ತು. ಈಗ ಇನ್ನೂರ ಎಂಬತ್ತು. ಅರವತ್ತು ಕಡಿಮೆ.