ಹಿಕ್ಕಿಯ ಸಾಕ್ಷಿ

ವೈಶಾಲಿ ಜಮಖಂಡಿಯ ಕಾಲೇಜೊಂದರ ವೇದಿಕೆ ಹತ್ತಿದ ದಿನ, ಹಿಪ್ಪರಗಿ ಬ್ಯಾರೇಜಿನ ಹತ್ತಿರ ಕೃಷ್ಣೆ ಅರ್ಧ ಗಳಿಗೆ ಹರಿಯುವುದನ್ನೇ ಮರೆತು ನಿಂತಿದ್ದಳು. ನಂಬಿಕೆ ಬಾರದವರು ಅಲ್ಲಿಯ ಮೀನುಗಳನ್ನು ಕೇಳಿ ನೋಡಬಹುದು.

ಅದು ಅಂತರ ಕಾಲೇಜು ಅಣಕು ನ್ಯಾಯಾಲಯ ಸ್ಪರ್ಧೆ. ಬಿ.ಎ. ಕೊನೆಯ ವರ್ಷದ ವೈಶಾಲಿಗೆ ವಕೀಲಳಾಗುವ ಆಸೆ. ಬನಹಟ್ಟಿಯಲ್ಲಿ ಬ್ಯಾಂಕ್ ನೌಕರಿಯಲ್ಲಿರುವ ಕಾಕಾ ಶಶಿಕಾಂತನಿಗೆ ಆಕೆ ಬ್ಯಾಂಕ್ ಪರೀಕ್ಷೆಯನ್ನೇ ಬರೆಯಲೆಂಬ ಹಟ. ಗೆದ್ದರೆ ಕಾನೂನು ಓದುವುದು, ಸೋತರೆ ಕೋಚಿಂಗ್ ಫಾರ್ಮಿಗೆ ಸಹಿ ಹಾಕುವುದು ಎಂದು ಇಬ್ಬರಲ್ಲೂ ಮಾತಾಗಿತ್ತು. ಫಾರ್ಮು ಕಾಕಾನ ಜೇಬಿನಲ್ಲಿತ್ತು. ಅದರ ಭಾರಕ್ಕೆ ಆತ ಎಡಕ್ಕೆ ವಾಲಿ ಕುಳಿತಿದ್ದ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತ ಆಕೆಯ ಅಜ್ಜ, ಮುತ್ಯಾ ಅಮಸಿದ್ದಪ್ಪ. ಮುನ್ನೂರು ಕುರಿಗಳನ್ನು ಬರೀ ಕೆಮ್ಮಿನಿಂದಲೇ ಗುರುತು ಹಿಡಿಯುವ ಮನುಷ್ಯ.

ಕುರಿಗಳು ಹೊಲಕ್ಕೆ ನುಗ್ಗಿ ಎಳೆಗಬ್ಬು ತಿಂದವೆಂದು ರೈತನೊಬ್ಬ ಕುರಿಗಾರನ ಮೇಲೆ ಹೂಡಿದನೆಂದು ಸ್ಪರ್ಧೆಗಾಗಿ ಹೆಣೆದ ದಾವೆ ಅದು. ಚೀಟಿ ಎತ್ತಿದಾಗ ವೈಶಾಲಿಗೆ ರೈತನ ಪರ ವಾದಿಸುವ ಪಾಳಿ ಬಂತು.

"ಬೀರೇಶ್ವರಾ, ಕುರಿ ಮ್ಯಾಲೇ ಕೇಸ್ ಹಾಕಿಸ್ತೀಯಲ್ಲೋ!" ಎಂದು ಮುತ್ಯಾ ಮನೆದೇವರಿಗೆ, ಇಡೀ ಸಭೆಗೆ ಕೇಳುವಂತೆ ಗೊಣಗಿದ.

ವೈಶಾಲಿ ಎದ್ದು ನಿಂತಳು. ಎದುರಿಗಿದ್ದ ಹತ್ತು ಸಾವಿರ ತಲೆಗಳು (ಕುರ್ಚಿಗಳಿದ್ದದ್ದು ಇನ್ನೂರೇ) ಮೆಲ್ಲಗೆ ಕರಗಿ, ಉಣ್ಣೆಯಾಗಿ, ಒಂದು ಹಿಂಡಾದವು. ಫ್ಯಾನುಗಳು ಹೊಳೆಗಾಳಿಯಾದವು. ಸಾಕ್ಷಿಯೆಂದು ಕೈಗೆ ಕೊಟ್ಟಿದ್ದ ಹೊಲದ ಫೋಟೋದಲ್ಲಿ ಕಬ್ಬಿನ ಬದಿಗೆ ಖಾಲಿ ನೆಲ, ಆ ನೆಲದ ಮೇಲೆ ಕಪ್ಪನೆಯ ಒಂದು ದುಂಡು ಗುರುತು. ಅದು ಫೋಟೋದಿಂದ ಎದ್ದು ಚಂದ್ರನಂತೆ ಆಕೆಯ ಮುಂದೆ ತೇಲಿತು. ಕುರಿಯ ಬೆಚ್ಚನೆಯ ವಾಸನೆ ಬಂತು. ಕುರಿ ಕೂಡುವ ಬಲೆಯ ಅಂಥದೇ ದುಂಡಿನೊಳಗೆ, ಮುತ್ಯಾನ ಕಂಬಳಿಯ ಮೇಲೆ, ಆಕೆ ನಡೆಯಲು ಕಲಿತಿದ್ದಳು.

"ಮಾನ್ಯರೇ, ಇದು ಕುರಿಹಿಕ್ಕಿ" ಎಂದಳು. ಧ್ವನಿ ಮುಧೋಳದವರೆಗೆ ಕೇಳಿಸಿತು. "ನುಗ್ಗಿದ ಕುರಿ ಚೆಲ್ಲಾಪಿಲ್ಲಿ ಹಿಕ್ಕಿ ಹಾಕ್ತಾವು. ಇಷ್ಟು ದುಂಡಗ ಬೀಳಬೇಕಂದ್ರ ಸುತ್ತ ಬಲಿ ಕಟ್ಟಿ ರಾತ್ರಿಯೆಲ್ಲಾ ಒಳಗ ತರುಬಿರಬೇಕು. ಹೊಲದ ಮಾಲಕ ಗೊಬ್ಬರಕ್ಕಂತ ಕರೀದs ಯಾವ ಕುರಿಗಾರನೂ ಮಂದಿ ಹೊಲದಾಗ ಬಲಿ ಕಟ್ಟೂದಿಲ್ಲ. ಅಂದ್ರ ರೈತನs ಇವನ್ನ ಕರಿಸ್ಯಾನ!"

ಚಪ್ಪಾಳೆಗೆ ಛಾವಣಿ ಮೂರು ಅಡಿ ಮೇಲೆದ್ದು ಕುಳಿತಿತು. ಜೊತೆಗಾತಿ ಪ್ರತಿಮಾ ಮಾತ್ರ ಚಿವುಟಿದಳು.

"ಲೇ ವೈಶಾಲಿ, ನಾವು ರೈತನ ಕಡೆಯವರು!"

ತಾನೇ ತನ್ನ ಕಕ್ಷಿದಾರನನ್ನು ಮುಳುಗಿಸಿದ್ದು ಆಗ ತಿಳಿಯಿತು. ಆದರೂ ಆಕೆ ಕೂರಲಿಲ್ಲ. ಕರೆಸಿಕೊಂಡ ಮಾತ್ರಕ್ಕೆ ಕಬ್ಬು ಮೇಯಿಸಲು ಒಪ್ಪಿದಂತಲ್ಲ, ಬಲೆ ಸಡಿಲ ಕಟ್ಟಿದ್ದು ಕುರಿಗಾರನ ತಪ್ಪು ಎಂದು ಉಳಿದ ನಾಲ್ಕು ನಿಮಿಷ ಹಿಡಿದು ವಾದಿಸಿದಳು. ಮುತ್ಯಾ ಕಂಬಳಿಯಿಂದ ಮುಖ ಮುಚ್ಚಿಕೊಂಡ. ಬಹುಮಾನ ಬೇರೆಯವರಿಗೆ ಹೋಯಿತು.

ತೀರ್ಪುಗಾರ್ತಿಯಾಗಿದ್ದ ವಕೀಲೆ ಮಂಗಲಾ ಇಳಿದು ಬಂದರು. "ಇಪ್ಪತ್ತು ವರ್ಷದಿಂದ ಕೋರ್ಟಿಗೆ ಹೋಗಾಕತ್ತೇನಿ ತಂಗಿ, ಫೋಟೋದಾಗಿನ ಹಿಕ್ಕಿ ಓದಿದಾಕಿನ್ನ ಇವತ್ತs ನೋಡಿದ್ದು. ಮುಂದಿನ ಸಲ ಯಾರ ಕಡೆ ನಿಂತೀಯಂತ ಕೈಮ್ಯಾಲ ಬರ್ಕೊಂಡು ಬಾ."

ಕಾಕಾ ಫಾರ್ಮು ತೆಗೆದು, ಪೆನ್ನಿನ ಟೋಪಿಯನ್ನೂ ಬಿಚ್ಚಿ ಕೊಟ್ಟ. "ಮಾತಂದ್ರ ಮಾತು. ಸೋತಿ."

"ಖರೆ ಕಾಕಾ, ಸೋತೇನಿ. ಮಾತೂ ತಪ್ಪಾಕತ್ತೇನಿ, ಬೇಕಾದಷ್ಟು ಬೈರಿ." ಆಕೆ ಪೆನ್ನಿಗೆ ಟೋಪಿ ಹಾಕಿ ತಿರುಗಿ ಕೊಟ್ಟಳು. "ಗೆದ್ದಿದ್ರ ನಸೀಬು ಅಂತ ಅನಸ್ತಿತ್ತು. ಸೋಲೂದು ಗೊತ್ತಾದ ಮ್ಯಾಲೂ ನನ್ನ ಕಾಲು ನಡಗಲಿಲ್ರೀ. ಬ್ಯಾಂಕಿನ ಪರೀಕ್ಷಾ ಅಂದ್ರ ಇಲ್ಲಿ ಕುಂತಲ್ಲೇ ನಡಗತಾವು."

ಕಾಕಾ ಪೆನ್ನನ್ನೂ ಆಕೆಯ ಕಾಲುಗಳನ್ನೂ ನೋಡಿದ. "ಲಾ ಫಾರ್ಮ್ ಯಾವಾಗ ಬಿಡ್ತಾರ?" ಎಂದ, ಗೋಡೆಗೆ ಹೇಳುವಂತೆ.

ಊರಿಗೆ ಮರಳುವ ಹಿಪ್ಪರಗಿಯ ಬಸ್ಸು ಸಂಜೆಯ ಕಬ್ಬಿನ ನಡುವೆ ನೆಲ ಮುಟ್ಟದೆ ತೇಲುತ್ತಿತ್ತು. ಆಕಾಶದ ತುಂಬ ಉಣ್ಣೆ.

"ಬಲಿ ಸಡ್ಲ ಅಂದ್ಯಲ್ಲಬೇ," ಮುತ್ಯಾನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅದು ನನ್ನ ಬಲಿಗೆ ಅಂದದ್ದೇನ?"

"ನಿಮ್ಮ ಬಲಿ ಘಟ್ಟಿ ಐತಿ ಮುತ್ಯಾ. ನಾ ಹೊರಗ ಬರಾಕ ಎಷ್ಟ ವರ್ಷ ಬೇಕಾದ್ವು ನೋಡ್ರಿ."