ಅಜೀಜಿಯಾದ ಐವತ್ತೆಂಟು ಡಿಗ್ರಿ

ಸಿದ್ರಾಮಪ್ಪ ಮಾಸ್ತರು ಗದಗಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದವರು. ಅಷ್ಟೂ ವರ್ಷಗಳಲ್ಲಿ ಅವರು ಗದಗ ದಾಟಿ ಹೋದದ್ದು ಕಡಿಮೆ. ಆದರೆ ಯಾವ ದೇಶದ ಹೆಸರು ಹೇಳಿದರೂ ಸಾಕು, ಅದರ ರಾಜಧಾನಿ, ಗಡಿ, ಬೆಳೆ, ಖನಿಜ ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತಿದ್ದರು. "ನೋಡಿ ಬಂದವರು ಒಂದು ಊರು ನೋಡಿರ್ತಾರ. ಓದಿದವರು ಇಡೀ ದೇಶ ನೋಡಿರ್ತಾರ" ಎನ್ನುವುದು ಅವರ ನಂಬಿಕೆ. ಈಗ ಎರಡು ವರ್ಷದಿಂದ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ ಮಗಳು ವಿಜಯಶ್ರೀಯ ಮನೆಯಲ್ಲಿದ್ದರು. ಪಾಠ ಕೇಳುವವರು ಯಾರೂ ಇಲ್ಲ ಎನ್ನುವುದೊಂದೇ ಅವರಿಗಿದ್ದ ಕೊರತೆ.

ಸೆಪ್ಟೆಂಬರಿನ ಒಂದು ಸಂಜೆ ಆ ಕೊರತೆ ನೀಗಿತು. ಆರನೇ ಕ್ಲಾಸಿನ ಮೊಮ್ಮಗಳು ಸ್ನೇಹಲ್ ಮುಖ ಊದಿಸಿಕೊಂಡು ಸ್ಕೂಲಿನಿಂದ ಬಂದಳು. ಒಬ್ಬೊಬ್ಬರು ಒಂದೊಂದು ದೇಶದ ಮೇಲೆ ಪ್ರಾಜೆಕ್ಟು ಮಾಡಬೇಕಂತೆ. ಅವಳಿಗೆ ಜಪಾನ್ ಬೇಕಿತ್ತು. ಚೀಟಿಯಲ್ಲಿ ಬಂದದ್ದು ಲಿಬಿಯಾ.

"ಲಿಬಿಯಾ!" ಮಾಸ್ತರು ಚಹಾದ ಕಪ್ಪು ಕೆಳಗಿಟ್ಟರು. "ಪುಣ್ಯಾ ಮಾಡೀದಿ ನೀನು. ಬರಕೋ. ಉತ್ತರಕ್ಕ ಭೂಮಧ್ಯ ಸಮುದ್ರ, ಪೂರ್ವಕ್ಕ ಈಜಿಪ್ಟ್. ನೂರಕ್ಕ ತೊಂಬತ್ತರ ಮ್ಯಾಲೆ ಮರುಭೂಮಿ. ವರ್ಷಪೂರ್ತಿ ಹರಿಯೋ ಒಂದು ನದೀನೂ ಇಲ್ಲ. ಜನ ಎಲ್ಲಾ ಸಮುದ್ರದ ದಂಡಿಗೆ, ಸಂಪತ್ತೆಲ್ಲಾ ನೆಲದ ಅಡಿಗೆ. ಇನ್ನ ಇದು ಮುಖ್ಯ: ಜಗತ್ತಿನಾಗ ಅತೀ ಹೆಚ್ಚು ಬಿಸಿಲು ದಾಖಲಾದ ಊರು ಲಿಬಿಯಾದ ಅಜೀಜಿಯಾ. ಸಾವಿರದ ಒಂಬೈನೂರಾ ಇಪ್ಪತ್ತೆರಡು, ಸೆಪ್ಟೆಂಬರ್ ಹದಿಮೂರು. ಐವತ್ತೆಂಟು ಡಿಗ್ರಿ. ಕೆಳಗ ಗೆರಿ ಎಳಿ."

ಸ್ನೇಹಲ್ ಗೆರೆ ಎಳೆಯಲಿಲ್ಲ. ಐಪ್ಯಾಡಿನಲ್ಲಿ ಏನೋ ಓದುತ್ತಿದ್ದಳು. "ಅಜ್ಜಾ, ಅದು ಕ್ಯಾನ್ಸಲ್ ಆಗಿದೆ."

"ಏನು ಕ್ಯಾನ್ಸಲ್ಲು?"

"ರೆಕಾರ್ಡು. ಟ್ವೆಂಟಿ ಟ್ವೆಲ್ವ್‌ನಲ್ಲೇ."

ಅವಳು ಓದಿ ಹೇಳಿದಳು. ಅವತ್ತು ಅಜೀಜಿಯಾದ ಕೋಟೆಯಲ್ಲಿ ಉಷ್ಣಮಾಪಕ ನೋಡಿದವನು ಕೆಲಸಕ್ಕೆ ಹೊಸಬ. ಅದರೊಳಗಿನ ಸೂಚಕ ಕಡ್ಡಿಯ ಒಂದು ತುದಿ ಓದುವ ಬದಲು ಇನ್ನೊಂದು ತುದಿ ಓದಿ, ಏಳು ಡಿಗ್ರಿಯಷ್ಟು ಹೆಚ್ಚು ಬರೆದಿರಬೇಕು ಎಂದು ವಿಶ್ವ ಹವಾಮಾನ ಸಂಸ್ಥೆಯವರು ತೀರ್ಮಾನಿಸಿದ್ದರು. ಈಗ ಆ ದಾಖಲೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯದ್ದು.

"ಮಾವ, ನೀವು ಅಮೆರಿಕಾಗೆ ಬರೋ ಮುಂಚೇನೇ ರೆಕಾರ್ಡು ವೀಸಾ ತಗೊಂಡು ಬಂದ್ಬಿಟ್ಟಿದೆ" ಎಂದ ಅಳಿಯ ಕುಶಲ್. ಅವನು ಮೈಸೂರಿನವನು, ಮಾವನನ್ನು ಕೆಣಕುವ ಅವಕಾಶವನ್ನು ಎಂದೂ ಬಿಟ್ಟವನಲ್ಲ.

ಮಾಸ್ತರು ಲೆಕ್ಕ ಹಾಕಿದರು. "ನಾ ರಿಟೈರ್ ಆಗಿದ್ದು ಎರಡು ಸಾವಿರದ ಹತ್ತು. ಎರಡು ವರ್ಷ ಕಾದಾರ ನೋಡು! ಕೇಳಾವ್ರು ಹೋದ್ರು ಅಂತ ಮಾಡ್ಯಾರ."

ಆದರೆ ಅವರ ಮನಸ್ಸು ಬೇರೆಲ್ಲೋ ಹೋಗಿತ್ತು. ಬಹಳ ಹಿಂದೆ ಇದೇ ಪ್ರಶ್ನೆಗೆ ಕುಬೇರಪ್ಪ ಎಂಬ ಹುಡುಗ "ಡೆತ್ ವ್ಯಾಲಿ" ಎಂದು ಬರೆದಿದ್ದ. ಇವರು ಸೊನ್ನೆ ಕೊಟ್ಟು, ಬೆಂಚಿನ ಮೇಲೆ ನಿಲ್ಲಿಸಿ, ಇಡೀ ಕ್ಲಾಸನ್ನು ನಗಿಸಿದ್ದರು. ಕುಬೇರಪ್ಪ ಈಗ ಗದಗಿನಲ್ಲಿ ಬೀಜದಂಗಡಿ ಇಟ್ಟುಕೊಂಡಿದ್ದಾನೆ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಮಾಸ್ತರು ಫೋನು ಹಚ್ಚಿಯೇಬಿಟ್ಟರು.

"ಕುಬೇರಾ, ನಿನಗ ಅನ್ಯಾಯ ಮಾಡೀನಪಾ" ಎಂದು ಶುರುಮಾಡಿ ಎಲ್ಲಾ ಹೇಳಿದರು.

"ಸರ್, ಮನಸ್ಸಿಗೆ ಹಚ್ಕೋಬ್ಯಾಡ್ರಿ. ಸಮುದ್ರಮಟ್ಟಕ್ಕಿಂತ ಕೆಳಗಿರೋ ಕಣಿವಿ ಯಾವದು ಅಂತ ಮುಂದಿನ ಪ್ರಶ್ನಿ ಇತ್ತು. ಬಾಜೂದವನ ಪೇಪರ್ ನೋಡಿ ಬರಿಯೂದ್ರಾಗ ಒಂದು ಸಾಲು ಮ್ಯಾಲೆ ಬರದಿದ್ದೆ."

ಮಾಸ್ತರ ಮುಖ ಅರಳಿತು. "ಹಂಗಾದ್ರ ಸೊನ್ನಿ ಸರಿ ಐತಿ" ಎಂದು ಫೋನಿಟ್ಟರು.

ಪ್ರಾಜೆಕ್ಟಿಗೆ ಆ ದೇಶದವರೊಬ್ಬರನ್ನು ಮಾತಾಡಿಸಬೇಕೆಂಬ ಷರತ್ತೂ ಇತ್ತು. ಶನಿವಾರದ ರೈತರ ಸಂತೆಯಲ್ಲಿ ಆಲಿವ್ ಕಾಯಿ, ಆಲಿವ್ ಎಣ್ಣೆ ಮಾರುವ ಬಿಳಿ ಮೀಸೆಯ ಮಿಲೂದ್ ಲಿಬಿಯಾದವನು ಎನ್ನುವುದು ವಿಜಯಶ್ರೀಗೆ ನೆನಪಾಯಿತು. ಶನಿವಾರ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡು ಮೊಮ್ಮಗಳ ಜೊತೆ ಹೊರಟರು. ಪ್ರಶ್ನೆ ಕೇಳಬೇಕಾದವಳು ಸ್ನೇಹಲ್. ಅವಳು ಬಾಯಿ ತೆರೆಯುವ ಮೊದಲೇ ಅಜ್ಜನ ಇಂಗ್ಲಿಷು ಶುರುವಾಯಿತು.

"ನಿಮ್ಮ ದೇಶದ ಜನಸಂಖ್ಯೆ?"

"ಎಪ್ಪತ್ತು ಲಕ್ಷದ ಹತ್ತಿರ" ಎಂದ ಮಿಲೂದ್.

"ಸರಿ. ನದಿಗಳು?"

"ಒಂದಿದೆ. ಬಹಳ ದೊಡ್ಡದು."

"ತಪ್ಪು!"

ಆಲಿವ್ ಆರಿಸುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ತಿರುಗಿ ನೋಡಿದಳು. ಮಿಲೂದ್ ನಕ್ಕ. ಸಹಾರಾದ ಕೆಳಗೆ ಸಾವಿರಾರು ವರ್ಷಗಳಿಂದ ನಿಂತಿರುವ ನೀರನ್ನು, ಒಳಗೆ ಲಾರಿ ಓಡಿಸಬಹುದಾದಷ್ಟು ದಪ್ಪ ಪೈಪುಗಳಲ್ಲಿ ಸಮುದ್ರದ ಕಡೆಯ ಊರುಗಳಿಗೆ ತರುತ್ತಾರೆ, ಮನುಷ್ಯರೇ ಮಾಡಿದ ಆ ನದಿಯ ನೀರು ಕುಡಿದೇ ತನ್ನ ತಮ್ಮಂದಿರ ಮಕ್ಕಳು ಬೆಳೆದದ್ದು ಎಂದು ವಿವರಿಸಿದ.

"ಪೈಪು ನದಿ ಅಲ್ಲ" ಎಂದರು ಮಾಸ್ತರು.

"ನೀರು ಹರಿಯುತ್ತದಲ್ಲ?"

"ಉಗಮ ಸ್ಥಾನ ಯಾವುದು? ಉಪನದಿಗಳು ಯಾವುವು?"

ಸ್ನೇಹಲ್ ತನ್ನ ಪುಸ್ತಕದಲ್ಲಿ, ನದಿ: ಅಜ್ಜ ಇಲ್ಲ ಅಂತಾರೆ, ಮಿಸ್ಟರ್ ಮಿಲೂದ್ ಇದೆ ಅಂತಾರೆ ಎಂದು ಬರೆದುಕೊಂಡಳು. ಆಮೇಲೆ ಅವಳೇ ಕೇಳಿದಳು, ಪೆಟ್ರೋಲು ಸಿಕ್ಕ ಮೇಲೆ ಏನಾಯಿತು ಅಂತ.

ಮಿಲೂದ್ ಒಂದು ಎಣ್ಣೆ ಬಾಟಲಿ ಎತ್ತಿ ಬಿಸಿಲಿಗೆ ಹಿಡಿದ. "ನಮ್ಮಪ್ಪನಿಗೆ ಎಣ್ಣೆ ಅಂದರೆ ಇದೊಂದೇ. ಆ ಇನ್ನೊಂದು ಎಣ್ಣೆ ಬಂದ ಮೇಲೆ ರಸ್ತೆ ಬಂತು, ಆಸ್ಪತ್ರೆ ಬಂತು. ಹುಡುಗರೆಲ್ಲ ಆಲಿವ್ ಮರ ಬಿಟ್ಟು ಸರಕಾರಿ ಕುರ್ಚಿ ಹುಡುಕಿಕೊಂಡು ಹೋದರು. ನಾನೂ ಹೋದೆ. ನೋಡು ಈಗ, ಇಲ್ಲಿಗೆ ಬಂದು ಮತ್ತೆ ಮರ ಹತ್ತುತ್ತಿದ್ದೇನೆ."

ಮಾಸ್ತರಿಗೆ ಇದು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಸ್ವಲ್ಪ ಮೆತ್ತಗಾಗಿ, "ಯಾವ ಊರು ನಿಮ್ಮದು?" ಎಂದರು.

"ಸಣ್ಣ ಊರು. ನಿಮಗೆ ಗೊತ್ತಿರುವುದಿಲ್ಲ. ಟ್ರಿಪೋಲಿಯ ದಕ್ಷಿಣಕ್ಕೆ, ಅಜೀಜಿಯಾ."

ಮಾಸ್ತರು ಮೂವತ್ತನಾಲ್ಕು ವರ್ಷ ನಕಾಶೆಯ ಮೇಲೆ ಕೋಲಿನಿಂದ ಮುಟ್ಟಿದ ಚುಕ್ಕೆಯೊಂದು ಮೀಸೆ ಬಿಟ್ಟುಕೊಂಡು ಎದುರಿಗೆ ಆಲಿವ್ ತೂಗುತ್ತಿತ್ತು. ಅವರು ಅವನ ಎರಡೂ ಕೈ ಹಿಡಿದುಕೊಂಡರು. "ಐವತ್ತೆಂಟು ಡಿಗ್ರಿ! ಇಪ್ಪತ್ತೆರಡನೇ ಇಸವಿ, ಸೆಪ್ಟೆಂಬರ್..."

"ಹದಿಮೂರು" ಎಂದು ಮಿಲೂದ್ ಮುಗಿಸಿದ. ಅವನ ಕಣ್ಣು ತುಂಬಿತ್ತು. "ಈ ದೇಶಕ್ಕೆ ಬಂದು ಇಪ್ಪತ್ತೇಳು ವರ್ಷ. ನನ್ನ ಊರಿನ ಹೆಸರು ಕೇಳಿದ್ದೀನಿ ಅಂದವರು ನೀವೇ ಮೊದಲು." ಮರುಕ್ಷಣ ಧ್ವನಿ ಏರಿತು. "ಕಿತ್ತುಕೊಂಡರಲ್ಲ ಸಾರ್ ನಮ್ಮದನ್ನು! ಅವತ್ತು ಮರುಭೂಮಿಯ ಗಿಬ್ಲಿ ಬಿಸಿಗಾಳಿ ಬೀಸಿ ಕೋಳಿಗಳೆಲ್ಲ ನಿಂತಲ್ಲೇ ಸತ್ತವು ಅಂತ ನಮ್ಮಜ್ಜ ಹೇಳುತ್ತಿದ್ದರು. ಉಷ್ಣಮಾಪಕ ಓದಿದವನು ತಪ್ಪಿರಬಹುದು. ನಮ್ಮಜ್ಜ ತಪ್ಪುತ್ತಾರಾ?"

"ಸಾಧ್ಯವೇ ಇಲ್ಲ" ಎಂದರು ಮಾಸ್ತರು, ಆ ಅಜ್ಜನನ್ನು ತಾವೇ ಪರೀಕ್ಷೆ ಮಾಡಿ ಪಾಸು ಮಾಡಿದವರಂತೆ.

ಮುಂದಿನ ಭಾನುವಾರ ಮಿಲೂದನ ಮನೆಯಲ್ಲಿ ಊಟ. ಇವರು ಶಾಕಾಹಾರಿಗಳೆಂದು ಅವನ ಹೆಂಡತಿ ಜೊಹ್ರಾ ಕುಂಬಳಕಾಯಿ, ಆಲೂಗಡ್ಡೆ ಹಾಕಿ ಕೆಂಪಗೆ ಸಾರು ಮಾಡಿದ್ದಳು. ದೊಡ್ಡ ಬೋಗುಣಿಯ ನಡುವೆ ಬಾರ್ಲಿ ಹಿಟ್ಟಿನ ಗುಡ್ಡ, ಸುತ್ತಲೂ ಆ ಸಾರು. ಬಾಜೀನ್ ಎಂದು ಅದರ ಹೆಸರು. ಎಲ್ಲರೂ ಒಂದೇ ಬೋಗುಣಿಯಿಂದ ಕೈಯಲ್ಲಿ ಮುರಿದು ತಿನ್ನಬೇಕು.

"ಮಾವ, ಮುದ್ದೆ!" ಎಂದ ಕುಶಲ್.

ಮದುವೆಯಾದಾಗಿನಿಂದ ಅಳಿಯನ ಮುದ್ದೆಯನ್ನು "ಅಗಿಯಾಕ ಬೇಸರಾದವರ ಊಟ" ಎಂದು ಹಾಸ್ಯ ಮಾಡುತ್ತ ಬಂದ ಮಾಸ್ತರು ಮೂರನೇ ಸಲ ಕೈ ಚಾಚುತ್ತಿದ್ದರು. "ಇದು ಬಾರ್ಲೀದು. ಬ್ಯಾರೆ" ಎಂದರು, ತಲೆ ಎತ್ತದೆ.

ಪ್ರಾಜೆಕ್ಟು ಚೆನ್ನಾಗಿಯೇ ಆಯಿತು. ಟೀಚರು ಒಂದೇ ಒಂದು ಮಾರ್ಕು ಕಳೆದರು. ಪೋಸ್ಟರಿನ ಮೂಲೆಯಲ್ಲಿ ಯಾರೋ ಕೆಂಪು ಪೆನ್ನಿನಿಂದ "ದಾಖಲೆ ವಿವಾದದಲ್ಲಿದೆ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಸ್ನೇಹಲ್ ಎರಡು ದಿನ ಅಜ್ಜನ ಜೊತೆ ಮಾತು ಬಿಟ್ಟಳು.

ಅಷ್ಟಕ್ಕೆ ಇಬ್ಬರು ಮುದುಕರಿಗೂ ಸಮಾಧಾನವಾಗಲಿಲ್ಲ. ಎದುರಾಳಿ ಡೆತ್ ವ್ಯಾಲಿಯನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದರು. ಬರುವ ಜುಲೈನಲ್ಲಿ ಹೋಗುವುದು, ಸ್ವಂತ ಉಷ್ಣಮಾಪಕ ಒಯ್ಯುವುದು ಎಂದು ಮಾತಾಯಿತು.

"ಜುಲೈದಾಗ ಹೋಗಿ ನೀವಿಬ್ರೂ ಅಲ್ಲೇ ರೆಕಾರ್ಡ್ ಆಗಬ್ಯಾಡ್ರಿ" ಎಂದಳು ವಿಜಯಶ್ರೀ. "ಡಿಸೆಂಬರ್ ರಜಾದಾಗ ಹೋಗ್ರಿ. ಇಲ್ಲಾಂದ್ರ ಬ್ಯಾಡ."

ಹಾಗಾಗಿ ಡಿಸೆಂಬರಿನಲ್ಲಿ ಕುಶಲ್ ಎಂಟು ಗಂಟೆ ಕಾರು ಓಡಿಸಿ ಇಬ್ಬರನ್ನೂ ಸ್ನೇಹಲ್‌ಳನ್ನೂ ಡೆತ್ ವ್ಯಾಲಿಗೆ ಕರೆದುಕೊಂಡು ಹೋದ. ಅಲ್ಲಿನ ದೊಡ್ಡ ಫಲಕ ಅರವತ್ತೊಂದು ತೋರಿಸುತ್ತಿತ್ತು, ಅದೂ ಫ್ಯಾರನ್‌ಹೀಟಿನಲ್ಲಿ. "ಹದಿನಾರು ಡಿಗ್ರಿ" ಎಂದು ಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿ ಘೋಷಿಸಿದರು. ತಲೆಗೆ ಮಂಕಿ ಟೋಪಿ ಇತ್ತು. ಮಿಲೂದ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಇದಕ್ಕಾ ಕೊಟ್ಟಿದ್ದು?" ಎಂದ. ಇಬ್ಬರೂ ಫಲಕದ ಕೆಳಗೆ ನಿಂತು, ಗೆದ್ದವರ ಹಾಗೆ ಫೋಟೋ ತೆಗೆಸಿಕೊಂಡರು. ಸ್ನೇಹಲ್ ತಾನು ಬೇರೆ ಯಾರ ಜೊತೆಗೋ ಬಂದವಳಂತೆ ದೂರ ನಿಂತಳು.

ಪಾರ್ಕಿನ ಕೆಲಸದ ಹುಡುಗಿಯೊಬ್ಬಳು ಬಂದು, ಎಲ್ಲಿಂದ ಬಂದಿರಿ ಎಂದು ವಿಚಾರಿಸಿದಳು.

"ಅಜೀಜಿಯಾ" ಎಂದ ಮಿಲೂದ್.

"ಅದು ಎಲ್ಲಿದೆ?"

ಮಿಲೂದ್ ಬಾಯಿ ತೆರೆದ. ಅಷ್ಟರಲ್ಲಿ ಮಾಸ್ತರು ಒಂದು ಹೆಜ್ಜೆ ಮುಂದೆ ಬಂದು, ಟೋಪಿ ತೆಗೆದು, ಉತ್ತರಕ್ಕೆ ಭೂಮಧ್ಯ ಸಮುದ್ರ, ಪೂರ್ವಕ್ಕೆ ಈಜಿಪ್ಟ್ ಎಂದು ಆರಂಭಿಸಿದ್ದರು. ಹುಡುಗಿ ಪಾಪ, ನಿಂತು ಕೇಳಿದಳು. ಮಿಲೂದ್ ಬೆಂಚಿನ ಮೇಲೆ ಕೂತು, ಜೊಹ್ರಾ ಕೊಟ್ಟುಕಳಿಸಿದ ಫ್ಲಾಸ್ಕಿನಿಂದ ಗಟ್ಟಿ ಚಹಾ ಬಗ್ಗಿಸಿ, ತನ್ನ ಊರಿನ ಪದ್ಧತಿಯಂತೆ ಮೇಲೆ ನಾಲ್ಕು ಹುರಿದ ಶೇಂಗಾ ಹಾಕಿಕೊಂಡ. ಮಾಸ್ತರು ಎರಡು ಕಡೆ ತಪ್ಪು ಹೇಳಿದರು. ಅವನು ತಿದ್ದಲಿಲ್ಲ. ಹತ್ತು ನಿಮಿಷ ಚಹಾ ಗುಟುಕರಿಸುತ್ತ, ತನ್ನ ದೇಶದ ಬಗ್ಗೆ ಗದಗಿನವರು ಹೇಳುವುದನ್ನು ಪೂರ್ತಿಯಾಗಿ ಕೇಳಿದ.